ಹಾಡಿನ ನಡುವೆ ಚಟಪಟ: ಗ್ರಾಫಿಕ್ಸ್ ಡ್ರೈವರಿನ ತಗಾದೆ

ನಮ್ಮ ಕೂಟಗಳ ಕವಿಗೋಷ್ಠಿಗೂ ಸುಗಮ ಸಂಗೀತಕ್ಕೂ ಲ್ಯಾಪ್‌ಟಾಪು ಈಗ ಮೈಕಿನಷ್ಟೇ ಅನಿವಾರ್ಯ. ತಂಬೂರಿಯ ಶ್ರುತಿ ಅದರಿಂದಲೇ, ಪರದೆಯ ಮೇಲಿನ ಕವಿತೆಯ ಸಾಲುಗಳೂ ಅದರಿಂದಲೇ, ಧ್ವನಿಮುದ್ರಣವೂ ಅದರಲ್ಲೇ. ಎಲ್ಲ ಸರಿಯಿದ್ದಾಗ ಅದರ ನೆನಪು ಯಾರಿಗೂ ಇರುವುದಿಲ್ಲ. ಪಲ್ಲವಿಯಿಂದ ಚರಣಕ್ಕೆ ಹೊರಳುವಾಗ ‘ಚಟ್’ ಎಂದು ಸಿಡಿದರೆ ಮಾತ್ರ ಸಭೆಯೆಲ್ಲ ತಿರುಗಿ, ಮೂಲೆಯಲ್ಲಿ ಕೂತ ಸ್ವಯಂಸೇವಕರನ್ನು ನೋಡುತ್ತದೆ. ಮಕ್ಕಳ ಮನೆಗೆಂದು ಊರಿನಿಂದ ಬಂದ ಹಿರಿಯರೊಬ್ಬರು ತಮ್ಮ ಕವಿತೆ ಓದುವಾಗ ಹೀಗಾದರೆ, ಆ ಓದು ಮತ್ತೆ ಸಿಗುತ್ತದೆಂಬ ಖಾತ್ರಿ ಇಲ್ಲ.

ಮೊದಲು ಎಲ್ಲರ ಅನುಮಾನ ಕೇಬಲ್ಲಿನ ಮೇಲೆ, ಆಮೇಲೆ ಮೈಕಿನ ಮೇಲೆ. ಅವೆರಡನ್ನೂ ಬದಲಿಸಿದರೂ ಸಿಡಿತ ನಿಲ್ಲದಿದ್ದರೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರನ್ನೂ ವಿಚಾರಿಸಿಕೊಳ್ಳಬೇಕು. ಚಿತ್ರಕ್ಕೂ ಸದ್ದಿಗೂ ಏನು ನಂಟು ಎನ್ನುತ್ತೀರಾ?

ಗಣಕವು ಧ್ವನಿಯನ್ನು ತುತ್ತು ತುತ್ತಾಗಿ ಕಳಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳಿದ್ದು, ಬಫರ್ 256 ಎಂದಿದ್ದರೆ ಒಂದು ತುತ್ತು 5.3 ಮಿಲಿಸೆಕೆಂಡಿನದು. ಅಷ್ಟರೊಳಗೆ ಮುಂದಿನ ತುತ್ತು ಸಿದ್ಧವಾಗದಿದ್ದರೆ ನಡುವೆ ಖಾಲಿ ಬೀಳುತ್ತದೆ. ನಮ್ಮ ಕಿವಿಗೆ ಬೀಳುವ ‘ಚಟ್’ ಅದೇ.

ಮದುವೆ ಊಟದ ಪಂಕ್ತಿಯನ್ನು ನೆನೆಯಿರಿ. ಒಳಗೆ ಸಾರು ಬೇಕಾದಷ್ಟಿದೆ, ಆದರೆ ಹಪ್ಪಳದ ದೊಡ್ಡ ಬುಟ್ಟಿ ಹೊತ್ತವನು ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಸಾರಿನ ಬಕೆಟ್ಟು ಹೊರಗೆ ಬರುವುದು ಹೇಗೆ? ವಿಂಡೋಸ್‌ನಲ್ಲಿ ಡ್ರೈವರುಗಳ ತುರ್ತು ಕೆಲಸಗಳಿಗೆ ಡಿಪಿಸಿ ಎಂದು ಹೆಸರು. ಇವಕ್ಕೆ ಸಾಮಾನ್ಯ ತಂತ್ರಾಂಶಗಳಿಗಿಂತ ಮೊದಲ ಮಣೆ. ಗ್ರಾಫಿಕ್ಸ್ ಡ್ರೈವರು ವಿದ್ಯುತ್ ಉಳಿಸಲೆಂದು ತನ್ನ ವೇಗ ಏರಿಳಿಸುವಾಗ, ಅಥವಾ ಪ್ರೊಜೆಕ್ಟರ್ ಜೋಡಿಸಿದಾಗ, ಇಂಥ ಕೆಲಸದಲ್ಲಿ ಕೆಲವೊಮ್ಮೆ ಹೆಚ್ಚು ಹೊತ್ತು ನಿಂತುಬಿಡುತ್ತದೆ. ಪ್ರೊಸೆಸರ್ ಬಳಕೆ ಬರೀ 15 ಶೇಕಡಾ ಎಂದು ತೋರಿಸುತ್ತಿದ್ದರೂ ಸದ್ದು ಸಿಡಿಯುವುದು ಇದರಿಂದಲೇ. ಅಡುಗೆಗೆ ಕೊರತೆಯಿಲ್ಲ, ಬಾಗಿಲು ಕಟ್ಟಿದೆ.

ಕಳ್ಳನನ್ನು ಹಿಡಿಯಲು ಲೇಟೆನ್ಸಿಮಾನ್ ಎಂಬ ತಂತ್ರಾಂಶ ಇದೆ. ಕಾರ್ಯಕ್ರಮದ ದಿನದಂತೆಯೇ ಎಲ್ಲ ಜೋಡಿಸಿ, ಪ್ರೊಜೆಕ್ಟರನ್ನೂ ಸೇರಿಸಿ, ಅದನ್ನು ಹತ್ತು ಹದಿನೈದು ನಿಮಿಷ ಓಡಿಸಿ. ಡ್ರೈವರುಗಳ ಪಟ್ಟಿಯಲ್ಲಿ ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಯಾವುದೆಂದು ನೋಡಿ. ಎನ್‌ವಿಎಲ್‌ಡಿಡಿಎಂಕೆಎಂ ಎಂದಿದ್ದರೆ ಅದು ಎನ್‌ವಿಡಿಯಾ ಡ್ರೈವರು. ಡಿಎಕ್ಸ್‌ಜಿಕೆಆರ್‌ಎನ್‌ಎಲ್ ಎಂಬುದು ವಿಂಡೋಸ್‌ನ ಸ್ವಂತ ಗ್ರಾಫಿಕ್ಸ್ ಭಾಗ. ಅದು ಮೇಲಿದ್ದರೂ ಬೆರಳು ತೋರುವುದು ಸಾಮಾನ್ಯವಾಗಿ ಇತ್ತಲೇ. ಎನ್‌ಡಿಐಎಸ್ ಎಂದಿದ್ದರೆ ಗ್ರಾಫಿಕ್ಸ್ ನಿರಪರಾಧಿ. ವೈ-ಫೈ ಆರಿಸಿ ನೋಡಿ.

ಗ್ರಾಫಿಕ್ಸೇ ಕಾರಣವಾಗಿದ್ದರೆ ಮದ್ದು ಈ ಕ್ರಮದಲ್ಲಿರಲಿ:

1. ಚಾರ್ಜರ್ ಚುಚ್ಚಿ, ವಿಂಡೋಸ್‌ನ ಪವರ್ ಪ್ಲಾನನ್ನು ‘ಹೈ ಪರ್ಫಾರ್ಮೆನ್ಸ್’ಗೆ ತನ್ನಿ. ಎನ್‌ವಿಡಿಯಾ ಆದರೆ ಅದರ ಕಂಟ್ರೋಲ್ ಪ್ಯಾನೆಲಿನಲ್ಲಿ ಪವರ್ ಮ್ಯಾನೇಜ್‌ಮೆಂಟನ್ನು ‘ಪ್ರಿಫರ್ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್’ ಮಾಡಿ. ಫ್ಯಾನಿನ ಸದ್ದು ಹೆಚ್ಚಬಹುದು, ಮೈಕಿನಿಂದ ದೂರವಿಡಿ.

2. ಹೊಸ ಡ್ರೈವರು ಬಂದ ಮೇಲೆ ತೊಂದರೆ ಶುರುವಾಗಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ‘ರೋಲ್ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಿ.

3. ಅದಕ್ಕೂ ಜಗ್ಗದಿದ್ದರೆ ಪೂರ್ತಿ ಕಿತ್ತು ಹಾಕಬೇಕು. ತಯಾರಕರ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು, ಅಂತರ್ಜಾಲ ಕಡಿದು, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ. ಅಂತರ್ಜಾಲ ಬಿಟ್ಟರೆ ವಿಂಡೋಸ್ ತನಗೆ ತೋಚಿದ್ದನ್ನು ತಂದು ಹಾಕಿಬಿಡಬಹುದು. ಎನ್‌ವಿಡಿಯಾ 2019ರಿಂದ ಆಟದವರಿಗೆ ಒಂದು, ‘ಸ್ಟುಡಿಯೋ’ ಎಂದು ಇನ್ನೊಂದು ಡ್ರೈವರು ಕೊಡುತ್ತಿದೆ. ನಮ್ಮ ಕೆಲಸಕ್ಕೆ ಎರಡನೆಯದು ಮೇಲು. ಹಾಕುವಾಗ ‘ಕಸ್ಟಮ್’ ಆರಿಸಿ, ಪ್ರೊಜೆಕ್ಟರಿಗೆ ಧ್ವನಿ ಕಳಿಸುವುದಿಲ್ಲವಾದರೆ ಎಚ್‌ಡಿ ಆಡಿಯೋ ಭಾಗವನ್ನು ಬಿಟ್ಟುಬಿಡಿ. ಇಲ್ಲವಾದರೆ ಸ್ಪೀಕರಿಗೆ ಹೋಗಬೇಕಾದ ಸದ್ದು ಪ್ರೊಜೆಕ್ಟರಿನತ್ತ ತಿರುಗಿ ಸಭೆ ಮೌನವಾದೀತು.

4. ಕೊನೆಗೆ ಬಫರನ್ನು 256ರಿಂದ 512ಕ್ಕೆ ಏರಿಸಿ. ಪ್ರತಿ ತುತ್ತಿಗೂ 10.7 ಮಿಲಿಸೆಕೆಂಡಿನ ಬಿಡುವು ಸಿಗುತ್ತದೆ. ಆದರೆ ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಎಂದು ಒಟ್ಟು ತಡ 20 ದಾಟುತ್ತದೆ. ಕವಿತೆ ಓದುವವರಿಗೆ ಇದು ಅಷ್ಟಾಗಿ ತಿಳಿಯದು. ಗಣಕದಿಂದ ಬಂದ ತಮ್ಮದೇ ದನಿಯನ್ನು ಕೇಳಿಕೊಂಡು ಹಾಡುವವರಿಗೆ ತಾಳ ತಪ್ಪಿದಂತಾಗುತ್ತದೆ. ಅಂಥವರಿಗೆ ಇಂಟರ್‌ಫೇಸಿನ ನೇರ ಮಾನಿಟರಿಂಗ್ ಕೊಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಟ್ಟುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದೇ ತಿಳಿಯದು. ಕಾರ್ಯಕ್ರಮಕ್ಕೆ ವಾರವಿರುವಾಗಲೇ ಎಲ್ಲ ಮುಗಿಸಿ, ವಿಂಡೋಸ್ ಅಪ್‌ಡೇಟಿಗೆ ವಿರಾಮ ಕೊಡಿ. ಆ ದಿನ ಪ್ರೊಜೆಕ್ಟರನ್ನು ಮೊದಲು ಜೋಡಿಸಿ, ಧ್ವನಿ ಆಮೇಲೆ. ನಡುವೆ ಅದರ ತಂತಿ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದರೂ ಗಣಕವನ್ನೊಂದನ್ನೇ ನಂಬಬೇಡಿ. ಮೈಕುಗಳು ಮಿಕ್ಸರಿಗೆ ಸೇರಿದ್ದರೆ, ಅದರಿಂದ ನೇರವಾಗಿ ಒಂದು ಪುಟ್ಟ ರೆಕಾರ್ಡರಿಗೂ ತಂತಿ ಎಳೆಯಿರಿ. ಲ್ಯಾಪ್‌ಟಾಪು ಮುನಿಸಿಕೊಂಡರೂ ಆ ಹಿರಿಯರ ದನಿ ಉಳಿಯುತ್ತದೆ. ನಿಮ್ಮೂರಿನ ಕೂಟದಲ್ಲಿ ಬೇರೆ ಮದ್ದು ಫಲಿಸಿದ್ದರೆ ಬರೆದು ತಿಳಿಸಿ, ಎಲ್ಲರಿಗೂ ಹಂಚೋಣ.