ಕಾಲರಾ ತಡೆದ ಹಳೆಯ ಸೀರೆ

ಕಾಲರಾ ಬಂದು ಹೋಗುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ತನಕ ಅದರ ಬ್ಯಾಕ್ಟೀರಿಯಾ ಎಲ್ಲಿರುತ್ತದೆ? ರೋಗಿಯ ಕರುಳಿನಿಂದ ಹೊರಬಿದ್ದದ್ದು ನೀರಿನಲ್ಲಿ ಬಹಳ ದಿನ ಬದುಕದು ಎಂದೇ ವೈದ್ಯಲೋಕ ನಂಬಿತ್ತು.

ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಇದನ್ನು ಒಪ್ಪಲಿಲ್ಲ. ಕಾಲರಾದ ಸುಳಿವೇ ಇಲ್ಲದ ಚೆಸಾಪೀಕ್ ಕೊಲ್ಲಿಯ ನೀರಿನಲ್ಲಿ 1970ರ ದಶಕದಲ್ಲಿ ಅವರಿಗೆ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ನದಿಯ ಸಿಹಿನೀರು ಕಡಲಿನ ಉಪ್ಪುನೀರಿಗೆ ಬೆರೆಯುವ ಅಳಿವೆಗಳೇ ಅದರ ತವರು. ಅಲ್ಲಿ ಅದು ಕೋಪೆಪಾಡ್ ಎಂಬ ಪುಟಾಣಿ ಜಲಚರಗಳ ಚಿಪ್ಪಿಗೆ ಅಂಟಿಕೊಂಡು ಬಾಳುತ್ತದೆ. ನೀರು ಬಿಸಿಯಾಗಿ ಪಾಚಿ ಹೆಚ್ಚಿದರೆ ಕೋಪೆಪಾಡ್ ಹೆಚ್ಚುತ್ತವೆ, ಜೊತೆಗೆ ಬ್ಯಾಕ್ಟೀರಿಯಾವೂ. ಕಾಲ ಪ್ರತಿಕೂಲವಾದಾಗ ಅದು ಜಡವಾಗಿ ಉಳಿಯುತ್ತದೆ. ಆಗ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಆದರೆ ಸತ್ತಿರುವುದೂ ಇಲ್ಲ. ಗಂಗೆಯ ಮುಖಜಭೂಮಿಯಲ್ಲಿ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕಾಲರಾ ಏರುವುದಕ್ಕೆ ಇದೂ ಒಂದು ಕಾರಣ.

ಹೀಗೆ ನೀರಿನಲ್ಲೇ ನೆಲೆಸಿರುವುದನ್ನು ನಿರ್ಮೂಲ ಮಾಡಲಾಗದು. ಬಿಂದಿಗೆಗೆ ಬಾರದಂತೆ ತಡೆಯಬಹುದು, ಅಷ್ಟೆ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅದೂ ಸುಲಭವಿರಲಿಲ್ಲ. ಕುದಿಸೋಣವೆಂದರೆ ಸೌದೆಗೆ ಬರ. ಕೆರೆಕುಂಟೆಗಳ ನೀರು ಬೇಡವೆಂದು ಲಕ್ಷಾಂತರ ಕೊಳವೆಬಾವಿ ಕೊರೆದರೆ, 1990ರ ದಶಕದಲ್ಲಿ ಅವುಗಳಲ್ಲಿ ಆರ್ಸೆನಿಕ್ ವಿಷ ಪತ್ತೆಯಾಯಿತು. ಆದರೆ ಅಲ್ಲಿನ ಹೆಂಗಸರು ಪಾನಕ ಸೋಸಲು ಸೀರೆಯ ಸೆರಗು ಬಳಸುತ್ತಿದ್ದರು. ಕಾಲ್ವೆಲ್ ಮತ್ತು ಸಂಗಡಿಗರು ಹಿಡಿದದ್ದು ಇದೇ ಎಳೆಯನ್ನು. ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನುಸುಳುವಷ್ಟು ಸಣ್ಣದು ನಿಜ, ಅದನ್ನು ಹೊತ್ತ ಕೋಪೆಪಾಡ್ ಹಾಗಲ್ಲ. ಹಳೆಯ ಹತ್ತಿ ಸೀರೆ ಒಗೆದೊಗೆದು ನೂಲು ಹರಡಿಕೊಂಡಿರುವುದರಿಂದ ಅದರ ರಂಧ್ರಗಳು ಹೊಸ ಸೀರೆಯದಕ್ಕಿಂತ ಕಿರಿದು. ಅದನ್ನು ನಾಲ್ಕು ಪದರಕ್ಕೂ ಹೆಚ್ಚಾಗಿ ಮಡಚಿ ಕೊಡದ ಬಾಯಿಗೆ ಕಟ್ಟಿದರೆ ಕೋಪೆಪಾಡ್‌ಗಳು ಮೇಲೆಯೇ ಉಳಿಯುತ್ತವೆ. ಮತ್ಲಾಬ್ ಪ್ರದೇಶದ 65 ಹಳ್ಳಿಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2003ರಲ್ಲಿ ಪ್ರಕಟವಾಯಿತು: ಸೀರೆಯಲ್ಲಿ ಸೋಸಿದವರಲ್ಲಿ ಕಾಲರಾ ಶೇ 48ರಷ್ಟು ಕಡಿಮೆಯಾಗಿತ್ತು. ಬಡವರ ಮನೆಯಲ್ಲೇ ಇದ್ದ ವಸ್ತುವಿನಿಂದ ಸಿಕ್ಕ ರಕ್ಷಣೆ ಇದು. ವಿಜ್ಞಾನ ಜನರ ರೂಢಿಗೆ ಕಿವಿಗೊಟ್ಟ ಇಂಥ ನಿದರ್ಶನಗಳು ಇನ್ನೂ ಹೆಚ್ಚಬೇಕು.

ಕೆಲವು ವರ್ಷಗಳ ನಂತರ ಸಂಶೋಧಕರು ಮತ್ತೆ ಹೋದಾಗ, ಯಾರ ಒತ್ತಾಯವೂ ಇಲ್ಲದೆ ಸುಮಾರು ಮೂರನೇ ಒಂದರಷ್ಟು ಹೆಂಗಸರು ನೀರು ಸೋಸುವುದನ್ನು ಮುಂದುವರಿಸಿದ್ದರು.

ಕರ್ನಾಟಕದ ಮನೆಗಳಲ್ಲೂ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವುದುಂಟು. ಆ ಒಂದು ಪದರದಿಂದ ಇಷ್ಟು ರಕ್ಷಣೆ ಸಿಗದು. ಒಡೆದ ಪೈಪಿನೊಳಗೆ ಚರಂಡಿ ನೀರು ಸೇರಿದ್ದರಂತೂ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿಯೇ ತೇಲುತ್ತಿರುತ್ತದೆ. ಎಷ್ಟು ಪದರದ ಸೀರೆಯೂ ಅದನ್ನು ಹಿಡಿಯಲಾರದು. ಅಲ್ಲಿ ನೀರನ್ನು ಚೆನ್ನಾಗಿ ಕುದಿಸಬೇಕು ಇಲ್ಲವೇ ಕ್ಲೋರಿನ್ ಹಾಕಬೇಕು, ಪೈಪು ದುರಸ್ತಿಯಾಗಬೇಕು.