ಹಳೆಯ ದೋಣಿ ಮೋಟಾರಿಗೆ ಬಿಡಿಭಾಗ

1950ರ ದಶಕದ ಜಾನ್ಸನ್ ಔಟ್‌ಬೋರ್ಡ್ ಮೋಟಾರೊಂದನ್ನು ಬಿಚ್ಚಿ ನೋಡಿ. ಸಿಹಿನೀರಿನಲ್ಲಿ ಓಡಿದ್ದಾದರೆ ಅದರ ಪಿಸ್ಟನ್, ಕ್ರ್ಯಾಂಕು, ಗೇರುಗಳು ಬಹುಪಾಲು ಗಟ್ಟಿಮುಟ್ಟಾಗಿಯೇ ಇರುತ್ತವೆ. ಕೆಟ್ಟಿರುವುದು ರಬ್ಬರು, ಕಾರ್ಕು ಮತ್ತು ಕಾಯಿಲಿನ ಹೊದಿಕೆ. ದೋಣಿಯ ಹಿಂಬದಿಗೆ ಬಿಗಿಯುವ ಈ ಯಂತ್ರಗಳಿಗೆ ಮರುಜೀವ ಕೊಡುವವರು ಮೊದಲು ಹುಡುಕುವುದು ಇಂಥ ವಸ್ತುಗಳನ್ನೇ.

ಕಾಯಿಲನ್ನೇ ನೋಡೋಣ. ಇಲ್ಲಿ ಬ್ಯಾಟರಿ ಇಲ್ಲ. ಫ್ಲೈವೀಲಿನೊಳಗಿನ ಆಯಸ್ಕಾಂತ ಕಾಯಿಲಿನ ಪಕ್ಕದಲ್ಲಿ ಹಾದುಹೋದಂತೆ ಅದರ ದಪ್ಪ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ. ಸರಿಯಾದ ಕ್ಷಣಕ್ಕೆ ಪಾಯಿಂಟುಗಳೆಂಬ ಸಂಪರ್ಕ ತುದಿಗಳು ತೆರೆದುಕೊಂಡು ಆ ಹರಿವು ತಟ್ಟನೆ ಕಡಿಯುತ್ತದೆ. ಆಗ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹೊದಿಕೆ ಬಿರಿದು ತೇವ ಒಳಹೊಕ್ಕರೆ ಆ ವಿದ್ಯುತ್ತು ಪ್ಲಗ್ಗನ್ನು ತಲುಪುವ ಮೊದಲೇ ಸೋರಿಹೋಗುತ್ತದೆ. ಆದರೆ ಕಂಗೆಡಬೇಕಿಲ್ಲ. ಜಾನ್ಸನ್, ಎವಿನ್ರೂಡ್ ಎರಡನ್ನೂ ತಯಾರಿಸುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 1950ರ ದಶಕದಿಂದ 70ರ ದಶಕದವರೆಗೆ ಹಲವು ಮಾದರಿಗಳಿಗೆ ಒಂದೇ ಬಗೆಯ ಮ್ಯಾಗ್ನೆಟೊ, ಅಂದರೆ ಕಿಡಿ ಹುಟ್ಟಿಸುವ ಈ ಏರ್ಪಾಡು, ಹಾಕಿತ್ತು. ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಬೇರೆಯವರ ಕೈಗೆ ಹೋದ ಎವಿನ್ರೂಡ್‌ನ ತಯಾರಿಕೆಯೂ 2020ರಲ್ಲಿ ನಿಂತಿತು. ಆ ಕಾಯಿಲನ್ನು ಮಾತ್ರ ಬೇರೆ ತಯಾರಕರು ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಎರಡಕ್ಕೂ ಒಂದೇ ಕಾಯಿಲು ಹೊಂದುವುದರಿಂದ ಎವಿನ್ರೂಡ್‌ಗೆ ಬೇಕಾದದ್ದನ್ನು ಜಾನ್ಸನ್ ಹೆಸರಿನಲ್ಲೂ ಹುಡುಕಲೇಬೇಕು.

ಕಾರ್ಬ್ಯುರೇಟರಿನ ಕಥೆ ಬೇರೆ. ಪೆಟ್ರೋಲಿನ ಮೇಲೆ ತೇಲುತ್ತ ಒಳಹರಿವನ್ನು ತಡೆಯುವ ಫ್ಲೋಟು ಆಗ ಕಾರ್ಕಿನದು, ಅದಕ್ಕೆ ಅರಗಿನ ವಾರ್ನಿಷ್ ಲೇಪ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆಂಬುದು ಪೀಠೋಪಕರಣಕ್ಕೆ ಪಾಲಿಶ್ ಹಾಕುವವರಿಗೆಲ್ಲ ಗೊತ್ತು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಆ ಲೇಪವನ್ನು ತಿಂದುಹಾಕುತ್ತದೆ. ಪೆಟ್ರೋಲು ಹೀರಿ ಭಾರವಾದ ಫ್ಲೋಟು ಮೇಲೇಳದೆ ಇಂಧನ ಹೊರಚೆಲ್ಲುತ್ತದೆ. ಮೂಲ ಭಾಗಕ್ಕಾಗಿ ಅಲೆಯುವ ಬದಲು ಹೊಸ ಕಾರ್ಕನ್ನು ಅದೇ ಅಳತೆಗೆ ಕತ್ತರಿಸಿ, ಎಥನಾಲ್‌ಗೆ ಕರಗದ ಲೇಪ ಬಳಿಯುವುದೇ ಮೇಲು ಎನ್ನುತ್ತೇನೆ. ಇಲ್ಲಿ ಹಳೆಯ ಪದಾರ್ಥಕ್ಕೇ ಅಂಟಿಕೊಳ್ಳುವುದು ಬೆಂಕಿಗೆ ಆಹ್ವಾನ.

ಮೋಟಾರನ್ನು ತಂಪಾಗಿಡಲು ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ ವರ್ಷಗಟ್ಟಲೆ ಬಾಗಿದ ಹಾಗೇ ಕೂತು ಸೆಟೆದುಕೊಂಡಿರುತ್ತದೆ. ಅದನ್ನು ನೋಡಿ ಪರೀಕ್ಷಿಸುವುದೇ ಬೇಡ, ಬದಲಿಸಿಬಿಡಿ. ಬೇರಿಂಗು, ಆಯಿಲ್ ಸೀಲುಗಳಿಗೆ ಕಂಪನಿಯ ಹೆಸರು ಹಿಡಿದು ಹೋಗುವ ಮೊದಲು ಒಳವ್ಯಾಸ, ಹೊರವ್ಯಾಸ, ದಪ್ಪವನ್ನು ವರ್ನಿಯರಿನಲ್ಲಿ ಅಳೆಯಿರಿ. ಹಲವು ಕಡೆ ಅವು ಎಲ್ಲ ಯಂತ್ರಗಳಿಗೂ ಬಳಸುವ ಪ್ರಮಾಣಿತ ಅಳತೆಯವೇ ಆಗಿದ್ದು, ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ.

ನಿಜವಾದ ಕಷ್ಟ ಇನ್ನೂ ಹಳೆಯವುಗಳದು. ಓಲೆ ಎವಿನ್ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಮಾರಾಟಕ್ಕೆ ತಂದಂಥ ಒಂದೂವರೆ ಅಶ್ವಶಕ್ತಿಯ ಮೋಟಾರಿಗೆ ಅಂಗಡಿಯಲ್ಲಿ ಏನೂ ಸಿಗದು. ಅಮೆರಿಕದಲ್ಲಿ 1965ರಲ್ಲಿ ಶುರುವಾದ ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್ಬಿನಂಥ ಕಡೆ ಸದಸ್ಯರ ನಡುವಿನ ಕೊಡುಕೊಳ್ಳುವಿಕೆ, ಇಲ್ಲವೇ ಎರಕ ಮತ್ತು ಲೇತಿನ ಕೆಲಸವೇ ಗತಿ. ಕೆಟ್ಟ ಇನ್ನೊಂದು ಮೋಟಾರು ಕೊಂಡು ಅದರ ಭಾಗ ತೆಗೆಯುವುದೂ ಉಂಟು. ಆದರೆ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತುವ, ಯಾವ ಭಾಗವೂ ಕಳೆಯದ ಮೋಟಾರನ್ನು ಒಂದು ಗೇರಿಗಾಗಿ ಬಿಚ್ಚಿ ಚದುರಿಸುವುದನ್ನು ನಾನು ಒಪ್ಪಲಾರೆ; ಆ ಗೇರನ್ನು ಹೊಸದಾಗಿ ಕಡಿಸಿಕೊಳ್ಳಲು ಖರ್ಚು ಹೆಚ್ಚಾದರೂ ಸರಿ.