ಒಂದೇ ದಿನದ ವರ್ಕ್‌ಶಾಪ್‌ನಿಂದ ಪ್ರೋಗ್ರಾಮರ್ ಆಗಬಹುದೇ?

'ಒಂದೇ ದಿನದಲ್ಲಿ ಪೈಥಾನ್ ಮತ್ತು ಎಐ ಕಲಿಯಿರಿ, ಸರ್ಟಿಫಿಕೇಟ್ ಪಡೆಯಿರಿ, ಕೆಲವೇ ಸೀಟು ಬಾಕಿ!' ಇಂಥ ಮೆಸೇಜ್ ನಿಮ್ಮ ಮನೆಯವರ ಗ್ರೂಪಿಗೋ ಕಾಲೇಜಿನ ಗ್ರೂಪಿಗೋ ಬಂದಿರಬಹುದು. ಯಾರಿಗಾದರೂ ಉಪಯೋಗವಾಗಲಿ ಎಂದು ನಾವೂ ಫಾರ್ವರ್ಡ್ ಮಾಡಿಬಿಡುತ್ತೇವೆ. ಆದರೆ ಇದನ್ನು ನಂಬಿ ಹಣ ಕಟ್ಟುವವರಲ್ಲಿ ಕೆಲಸ ಹುಡುಕುತ್ತಿರುವವರೂ ಇರುತ್ತಾರೆ. ಹಾಗಾದರೆ ಒಂದು ದಿನದಲ್ಲಿ ನಿಜಕ್ಕೂ ಎಷ್ಟು ಕಲಿಯಬಹುದು?

ವರ್ಕ್‌ಶಾಪ್‌ಗಳೆಲ್ಲ ಮೋಸ ಎಂದಲ್ಲ. ಪ್ರೋಗ್ರಾಮರ್‌ಗಳೇ ಸೇರುವ ಸಮ್ಮೇಳನಗಳಲ್ಲೂ ಅವು ಇರುತ್ತವೆ. ಅಮೆರಿಕದ ಪೈಕಾನ್ ಸಮ್ಮೇಳನದಲ್ಲಿ ಮುಖ್ಯ ಭಾಷಣಗಳಿಗೆ ಮೊದಲು ಟ್ಯುಟೋರಿಯಲ್‌ಗಳಿಗೆಂದೇ ಪ್ರತ್ಯೇಕ ದಿನಗಳಿರುತ್ತವೆ. 2009ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪೈಕಾನ್ ಇಂಡಿಯಾದಲ್ಲೂ ವರ್ಕ್‌ಶಾಪ್‌ಗಳು ನಡೆಯುತ್ತವೆ. ಅಮೆರಿಕದಲ್ಲಿ ಒಂದು ಟ್ಯುಟೋರಿಯಲ್ ಸುಮಾರು ಮೂರು ಗಂಟೆಯದು. ಅಷ್ಟು ಹೊತ್ತು ಸಾಮಾನ್ಯವಾಗಿ ಒಂದೇ ವಿಷಯ: ಬರೆದ ಕೋಡನ್ನು ಟೆಸ್ಟ್ ಮಾಡುವುದು ಹೇಗೆ, ಅಥವಾ ಪಾಂಡಾಸ್ ಬಳಸಿ ಡೇಟಾ ಸರಿಪಡಿಸುವುದು ಹೇಗೆ, ಹೀಗೆ. 'ಪೂರ್ತಿ ಪೈಥಾನ್' ಕಲಿಸುತ್ತೇವೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಮೂರು ಗಂಟೆಗೆ ಒಂದೇ ವಿಷಯ ಏಕೆ? ನಮ್ಮ ಮೆದುಳು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಹೊಸ ಸಂಗತಿಗಳು ಬಹಳ ಕಡಿಮೆ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಎಂದಿದ್ದರು. ನಂತರದ ಸಂಶೋಧಕರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಕಾರು ಕಲಿಯುವ ಮೊದಲ ದಿನ ನೆನಪಿಸಿಕೊಳ್ಳಿ: ಕ್ಲಚ್ ನೋಡಿದರೆ ಕನ್ನಡಿ ಮರೆಯುತ್ತದೆ, ಕನ್ನಡಿ ನೋಡಿದರೆ ಗೇರ್ ಮರೆಯುತ್ತದೆ. ಕೋಡ್‌ನಲ್ಲೂ ಹಾಗೆಯೇ. ಹೊಸಬರಿಗೆ ಬ್ರಾಕೆಟ್, ಕೋಲನ್, ಸಾಲಿನ ಮುಂದೆ ಬಿಡುವ ಜಾಗ ಎಲ್ಲವೂ ಹೊಸದು. ಕಲಿಸುವವರಿಗೆ ಇದೆಲ್ಲ ಎಷ್ಟು ಅಭ್ಯಾಸವಾಗಿರುತ್ತದೆಂದರೆ ಅದು ಕಷ್ಟ ಎಂಬುದೇ ಅವರಿಗೆ ಮರೆತುಹೋಗಿರುತ್ತದೆ. ಚೆನ್ನಾಗಿ ಗೊತ್ತಿದ್ದವರೆಲ್ಲ ಚೆನ್ನಾಗಿ ಕಲಿಸಲಾರರು ಎಂಬುದಕ್ಕೆ ಇದೂ ಒಂದು ಕಾರಣ.

ಈ ಸಮಸ್ಯೆಗೆ ಉತ್ತರ ಹುಡುಕಿದವರಲ್ಲಿ 1998ರಲ್ಲಿ ಆರಂಭವಾದ ಸಾಫ್ಟ್‌ವೇರ್ ಕಾರ್ಪೆಂಟ್ರಿ ಪ್ರಮುಖವಾದದ್ದು. ವಿಜ್ಞಾನಿಗಳಿಗೆ ಕಂಪ್ಯೂಟಿಂಗ್‌ನ ಮೂಲ ಕೌಶಲ ಕಲಿಸುವ ಇದರ ವರ್ಕ್‌ಶಾಪ್ ಸಾಮಾನ್ಯವಾಗಿ ಎರಡು ದಿನದ್ದು. ಇಲ್ಲಿ ಸ್ಲೈಡ್ ಓದಿ ಮುಗಿಸುವುದಿಲ್ಲ. ಕಲಿಸುವವರು ಎಲ್ಲರ ಎದುರೇ ಕೋಡ್ ಟೈಪ್ ಮಾಡುತ್ತಾರೆ, ಕಲಿಯುವವರೂ ಜೊತೆಜೊತೆಗೇ ಟೈಪ್ ಮಾಡುತ್ತಾರೆ. ಕಲಿಸುವವರೂ ತಪ್ಪು ಮಾಡುತ್ತಾರೆ. ಆ ತಪ್ಪನ್ನು ಹೇಗೆ ಹುಡುಕಿ ಸರಿಪಡಿಸುತ್ತಾರೆ ಎಂದು ನೋಡುವುದೇ ಒಂದು ಪಾಠ. ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಟ್ಟಿರುತ್ತಾರೆ. ಕೆಲಸ ಮುಗಿದರೆ ಒಂದು ಬಣ್ಣದ್ದನ್ನು, ಸಿಕ್ಕಿಹಾಕಿಕೊಂಡರೆ ಇನ್ನೊಂದನ್ನು ಲ್ಯಾಪ್‌ಟಾಪಿಗೆ ಅಂಟಿಸಬೇಕು. ಕೈ ಎತ್ತಲು ನಾಚುವವರ ಬಳಿಗೂ ಸಹಾಯಕರು ಬರುತ್ತಾರೆ. ಎಷ್ಟು ಸರಳ ಉಪಾಯ ನೋಡಿ!

ಇಷ್ಟೆಲ್ಲ ಮಾಡಿದರೂ ಎರಡು ದಿನಕ್ಕೆ ಮಿತಿ ಇದ್ದೇ ಇದೆ. ಅಮೆರಿಕದ 53 ಸಂಸ್ಥೆಗಳ 294 ಜೀವವಿಜ್ಞಾನ ಪಿಎಚ್‌ಡಿ ವಿದ್ಯಾರ್ಥಿಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಪಾವಧಿಯ ತರಬೇತಿ ಶಿಬಿರಗಳಿಂದ ಅವರ ಸಂಶೋಧನಾ ಕೌಶಲದಲ್ಲಿ ಅಳೆಯಬಹುದಾದಂಥ ಲಾಭ ಕಾಣಲಿಲ್ಲ ಎಂದಿತು. ಅದು ಪ್ರೋಗ್ರಾಮಿಂಗ್ ಬಗ್ಗೆಯೇ ನಡೆದ ಅಧ್ಯಯನವಲ್ಲ, ಹಾಗಾಗಿ ಅದನ್ನು ಎಳೆದು ಹಿಗ್ಗಿಸುವುದು ಬೇಡ. ಆದರೆ ಒಟ್ಟಿಗೆ ತುಂಬಿಸಿಕೊಂಡದ್ದಕ್ಕಿಂತ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದು ಹೆಚ್ಚು ಕಾಲ ನೆನಪಿರುತ್ತದೆ ಎಂಬುದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ಬರೆದ ಕಾಲದಿಂದಲೂ ಗೊತ್ತಿರುವ ವಿಷಯ.

ಹಾಗಿದ್ದರೆ ಹೋಗಲೇಬಾರದೇ? ಹೋಗಬಹುದು. ಸ್ವಲ್ಪ ಕೋಡ್ ಬರೆದು ಗೊತ್ತಿದ್ದು, ಒಂದು ಕಡೆ ಸಿಕ್ಕಿಹಾಕಿಕೊಂಡಿರುವವರಿಗೆ ಒಳ್ಳೆಯ ವರ್ಕ್‌ಶಾಪ್ ತಿಂಗಳುಗಳ ತಡಕಾಟ ಉಳಿಸಬಹುದು. ಏನೂ ಗೊತ್ತಿಲ್ಲದವರಿಗೆ ಅದು ಮೊದಲ ಹೆಜ್ಜೆ ಆಗಬಹುದು, ಅಷ್ಟೆ. ಸಂಜೆ ಕೈಗೆ ಬರುವ ಸರ್ಟಿಫಿಕೇಟ್ ನೀವು ಹಾಜರಿದ್ದಿರಿ ಎಂದು ಹೇಳುತ್ತದೆ, ಕೋಡ್ ಬರೆಯಬಲ್ಲಿರಿ ಎಂದಲ್ಲ.

ಹಣ ಕಟ್ಟುವ ಮುಂಚೆ ಆ ನಂಬರಿಗೆ ಫೋನ್ ಮಾಡಿ ಕೇಳಿ: ಮೊದಲೇ ಏನು ಗೊತ್ತಿರಬೇಕು? ಎಷ್ಟು ಜನಕ್ಕೆ ಒಬ್ಬ ಸಹಾಯಕರಿರುತ್ತಾರೆ? ನಾವೇ ಕೋಡ್ ಬರೆಯಲು ಎಷ್ಟು ಸಮಯ ಸಿಗುತ್ತದೆ? ಲ್ಯಾಪ್‌ಟಾಪಿನಲ್ಲಿ ಮೊದಲೇ ಯಾವ ಸಾಫ್ಟ್‌ವೇರ್ ಹಾಕಿಕೊಂಡು ಬರಬೇಕು? ಕೊನೆಯ ಪ್ರಶ್ನೆಗೆ 'ಲ್ಯಾಪ್‌ಟಾಪ್ ಏನೂ ಬೇಡ, ಬಂದು ಕೂತರೆ ಸಾಕು' ಎಂಬ ಉತ್ತರ ಬಂದರೆ, ಅದು ವರ್ಕ್‌ಶಾಪ್ ಅಲ್ಲ, ಭಾಷಣ.